ಹದವಾದ ಬಿಸಿನೀರು

ಆವತ್ತು ಬೆಳಿಗ್ಗೆಯೂ ಮೇಸ್ತ್ರಿ ತಣ್ಣೀರಿನಲ್ಲೇ ಸ್ನಾನ ಮಾಡಿದ. ಮೂರು ದಿನದಿಂದ ಹೀಗೇ. ಹಲ್ಲು ಕಟಕಟ ಎನ್ನಿಸುತ್ತಾ ಬಚ್ಚಲಿನಿಂದ ಹೊರಗೆ ಬಂದಾಗ ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ಅರ್ಧದಲ್ಲೇ ಎತ್ತಿ ಹಿಡಿದು, "ಊರವರಿಗೆಲ್ಲ ನೀರು ಕಾಯಿಸಿ ಕೊಡೋರಿಗೆ ಮನೇಲಿ ಒಂದು ಬಕೆಟ್ ಬಿಸಿನೀರು ಬೇಡ್ವಾ? ಸನ್ಯಾಸ ಗಿನ್ಯಾಸ ತಗೊಳ್ಳೋ ಯೋಚನೆ ಇದ್ರೆ ಮೊದಲೇ ಹೇಳ್ಬಿಡಿ, ಇಸ್ತ್ರಿ ಮಾಡೋ ಕೆಲಸ ಉಳಿಯುತ್ತೆ" ಎಂದಳು. ಮೈ ಹಗುರಾಗುತ್ತೆ ಕಣೇ ಎಂದು ಅವನು ಅಂಗಿಯನ್ನು ಎಳೆದುಕೊಂಡ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಸುಳ್ಳು ಇನ್ನೂ ಗಂಟಲಲ್ಲಿರುವಾಗಲೇ ಗೊತ್ತಾಗುತ್ತದೆ. ಅವಳು ಪೆಟ್ಟಿಗೆಯನ್ನು ಸ್ವಲ್ಪ ಜೋರಾಗಿ ಇಟ್ಟಳು. ನಿಜ ಹೇಳಬೇಕೆಂದರೆ ಅವನಿಗೆ ಹಬೆಯೆಂದರೆ ಹೆದರಿಕೆ ಹತ್ತಿತ್ತು. ಬಿಸಿನೀರಿನ ನಲ್ಲಿ ತಿರುಗಿಸಿ, ಬಚ್ಚಲಿನ ಕನ್ನಡಿ ಮಸುಕಾಗುವುದು ಕಂಡ ಕೂಡಲೇ ಮೂಗು ಮುಚ್ಚಿಕೊಳ್ಳುತ್ತಿದ್ದ. ತನ್ನ ಮನೆಯ ನೀರಿಗೆ ಏನೂ ಆಗಿಲ್ಲವೆಂದು ಅವನಿಗೆ ಗೊತ್ತು. ಗೊತ್ತಿದ್ದೂ ಉಸಿರು ಎಳೆದುಕೊಳ್ಳಲಾಗದೆ ನಲ್ಲಿ ನಿಲ್ಲಿಸಿಬಿಡುತ್ತಿದ್ದ.

ಹೋಟೆಲಿನ ಹಿಂಬಾಗಿಲಿನಿಂದ ಹದಿಮೂರು ಮೆಟ್ಟಿಲು ಇಳಿದರೆ ಬಾಯ್ಲರ್ ಕೋಣೆ. ಹತ್ತೊಂಬತ್ತು ವರ್ಷದಿಂದ ಅದು ಅವನ ರಾಜ್ಯ; ಪ್ರಜೆಗಳು ಅಂದರೆ ಎರಡು ಪಂಪು, ಒಂದು ದೊಡ್ಡ ನೀರಿನ ತೊಟ್ಟಿ, ಲೆಕ್ಕವಿಲ್ಲದಷ್ಟು ಪೈಪು. ಗೋಡೆಗೆ ನೇತುಹಾಕಿದ ಹಲಗೆಯ ಮೇಲೆ ಸೋಮವಾರದ ಹಾಳೆ ಖಾಲಿ ಕುಳಿತಿತ್ತು. ಇವತ್ತು ಸೋಮವಾರ. ಪ್ರತಿ ಸೋಮವಾರ ಯಾರೂ ಇಳಿದುಕೊಳ್ಳದ ಕೋಣೆಗಳಿಗೆ ಹೋಗಿ ನಲ್ಲಿ, ಶವರು ಎರಡನ್ನೂ ಐದು ನಿಮಿಷ ಬಿಟ್ಟು, ಬಿಸಿನೀರಿಗೆ ಥರ್ಮಾಮೀಟರು ಹಿಡಿದು ಬಂದ ಅಂಕಿಯನ್ನು ಈ ಹಾಳೆಯಲ್ಲಿ ಬರೆಯಬೇಕು. ನಿಂತ ನೀರು ಕೆಡುತ್ತದೆ, ಹೊಂಡವಾದರೂ ಅಷ್ಟೇ, ಪೈಪಾದರೂ ಅಷ್ಟೇ. ಮೊದಮೊದಲು ಅವನು ನಾಲ್ಕನೇ ಮಹಡಿಯ ಕೊನೆಯ ಕೋಣೆಯವರೆಗೂ ಹತ್ತುತ್ತಿದ್ದ. ಲಿಫ್ಟು ಅತಿಥಿಗಳಿಗೆ, ಕೆಲಸದವರಿಗೆ ಮೆಟ್ಟಿಲು. ಮಂಡಿ ಕೈಕೊಟ್ಟ ಮೇಲೆ ಎರಡನೇ ಮಹಡಿಗೇ ನಿಂತ, ಆಮೇಲೆ ಒಂದನೇ ಮಹಡಿಗೆ, ಕೊನೆಗೆ ಬಾಯ್ಲರಿನ ಪಕ್ಕದಲ್ಲೇ ಇದ್ದ ಕೈ ತೊಳೆಯುವ ನಲ್ಲಿಗೆ ಥರ್ಮಾಮೀಟರು ಹಿಡಿದು ಇಡೀ ಕಟ್ಟಡದ ಅಂಕಿ ಬರೆದ. ಕಡೆಕಡೆಗೆ ಅದೂ ಇಲ್ಲ. ಕುರ್ಚಿಯಲ್ಲಿ ಕೂತು, ಟೀ ಕುಡಿಯುತ್ತಾ, ಐವತ್ತೊಂಬತ್ತು, ಅರವತ್ತು, ಐವತ್ತೆಂಟೂವರೆ ಎಂದು ಬರೆಯುವುದು. ಅದರಲ್ಲೂ ಒಂದು ಕಲೆ ಸಾಧಿಸಿಬಿಟ್ಟಿದ್ದ ಮಹಾನುಭಾವ. ಒಂದೇ ಅಂಕಿಯನ್ನು ಎರಡು ಸಲ ಬರೆಯುತ್ತಿರಲಿಲ್ಲ. ಆಗಾಗ ಒಂದು ಕೋಣೆಗೆ ಐವತ್ತಾರು ಎಂದು ಬರೆದು, ಪಕ್ಕದಲ್ಲಿ ‘ಸರಿಪಡಿಸಲಾಗಿದೆ’ ಎಂದು ಸೇರಿಸುತ್ತಿದ್ದ, ಓದಿದವರಿಗೆ ಪಾಪ ಎಷ್ಟು ಕಷ್ಟಪಟ್ಟಿದ್ದಾನೆ ಅನ್ನಿಸಲಿ ಎಂದು. ಓದಿದವರು ಯಾರೂ ಇರಲಿಲ್ಲ. ಇವತ್ತು ಪೆನ್ನು ಹಿಡಿದು ನಿಂತರೆ ಒಂದು ಅಂಕಿಯೂ ಹೊಳೆಯಲಿಲ್ಲ.

ಹಾಳೆಯ ಮೇಲುಗಡೆ ಅವನ ತರಬೇತಿ ಪತ್ರ ಚೌಕಟ್ಟಿನಲ್ಲಿತ್ತು. ಹದಿನಾಲ್ಕು ವರ್ಷದ ಹಿಂದೆ, ಒಂದು ದಿನದ ತರಬೇತಿ, ಪರದೆ ಎಳೆದ ಸಭಾಂಗಣ, ಐವತ್ತು ಜನ ಹೋಟೆಲು ಆಸ್ಪತ್ರೆಗಳ ಬಾಯ್ಲರಿನವರು, ಅದರಲ್ಲಿ ನಲವತ್ತು ಜನ ಊಟದ ಹೊತ್ತಿಗೆ ಕಾದು ಗೊರಕೆ ಹೊಡೆಯುತ್ತಿದ್ದವರು. ನೀರಿನಲ್ಲಿ ಬೆಳೆಯುವ ಒಂದು ರೋಗಾಣುವಿನ ಬಗ್ಗೆ ಪಾಠ ಹೇಳಿದವಳು ಆಗಷ್ಟೇ ಓದು ಮುಗಿಸಿದ ಹಾಗಿದ್ದ ಹುಡುಗಿ. ಇದು ಕುಡಿದರೆ ಬರೋದಲ್ಲ, ಉಸಿರಲ್ಲಿ ಹೋಗೋದು, ಶವರಿನ ಸಣ್ಣ ಹನಿಯಲ್ಲಿ ಕೂತ್ಕೊಂಡು ಶ್ವಾಸಕೋಶಕ್ಕೆ ಇಳಿಯುತ್ತೆ, ಅಂದಿದ್ದಳು. ಇಪ್ಪತ್ತರಿಂದ ನಲವತ್ತೈದು ಡಿಗ್ರಿ ಅಂದ್ರೆ ಅದಕ್ಕೆ ಮಾವನ ಮನೆ, ಅರವತ್ತರಲ್ಲಿ ಸಾಯುತ್ತೆ. ವಯಸ್ಸಾದವರು, ಬೀಡಿ ಸಿಗರೇಟು ಸೇದಿದವರು ಸಿಕ್ಕರೆ ಬಿಡೋದಿಲ್ಲ. ಜ್ವರ, ಕೆಮ್ಮು, ಹೊಟ್ಟೆ ಕೆಡೋದು, ಆಮೇಲೆ ಮನಸ್ಸು ಗಲಿಬಿಲಿ. ಮಾಮೂಲಿ ನ್ಯುಮೋನಿಯಾದ ಔಷಧಿಗೆ ಜಗ್ಗೋದಿಲ್ಲ. ಐವತ್ತು ಜನರಲ್ಲಿ ಪ್ರಶ್ನೆ ಕೇಳಿದವನು ಇವನೊಬ್ಬನೇ. ಬಿಸಿ ಕಡಿಮೆ ಆದ್ರೆ ಬರೋದು, ಜಾಸ್ತಿ ಆದ್ರೆ ಕೈ ಸುಡೋದು, ನಾವೇನು ಮಾಡೋದು ಮೇಡಂ? ಅವಳು ನಕ್ಕು, ತೊಟ್ಟಿಯಲ್ಲಿ ಅರವತ್ತೇ ಇರಲಿ, ಬಚ್ಚಲಿನ ಹತ್ತಿರ ತಣ್ಣೀರು ಬೆರೆಸೋ ವಾಲ್ವ್ ಹಾಕಿಸಿ, ಅಂದಿದ್ದಳು. ಒಳ್ಳೇ ಪ್ರಶ್ನೆ ಅಂತಲೂ ಅಂದಿದ್ದಳು. ಅದನ್ನು ಮನೆಗೆ ಬಂದು ಹೆಂಡತಿಗೆ ಹೇಳಿಕೊಂಡಿದ್ದ.

ವಾಲ್ವು ಹಾಕಿಸಲಿಲ್ಲ. ಮ್ಯಾನೇಜರು ಪ್ರತಿ ವರ್ಷ, ಮುಂದಿನ ವರ್ಷ ನೋಡೋಣ ಮೇಸ್ತ್ರಿ ಎನ್ನುತ್ತಿದ್ದ. ಮುಖದಿಂದ ನಗು ಇಳಿಯದ ಆಸಾಮಿ. ಕೆಲಸದವರು ಅವನಿಗೆ ನಗೆಮೊಗ ಎಂದು ಹೆಸರಿಟ್ಟಿದ್ದರು, ಬೈಯುವಾಗಲೂ ಹಲ್ಲು ಕಾಣುತ್ತಿತ್ತು. ಐದು ತಿಂಗಳ ಹಿಂದೆ ಎರಡನೇ ಮಹಡಿಯಲ್ಲಿ ಇಳಿದುಕೊಂಡ ಒಬ್ಬ ತಾಯಿ ಮಗುವಿನ ಕೈ ಹಿಡಿದುಕೊಂಡು ಕೆಳಗೆ ಬಂದಿದ್ದಳು. ಪುಟ್ಟ ಕೈ, ಮಣಿಕಟ್ಟಿನವರೆಗೆ ಕೆಂಪು. ಮೇಸ್ತ್ರಿಯನ್ನು ಕರೆಸಿದರು. ಸ್ಪ್ಯಾನರು ಹಿಡಿದ ಕೈಯಲ್ಲೇ ಬಂದು ಮೊಗಸಾಲೆಯ ಹೊಳೆಯುವ ನೆಲದ ಮೇಲೆ ನಿಂತ, ಬೂಟಿನ ಗುರುತು ಬಿತ್ತು. ನಗೆಮೊಗ ಎಲ್ಲರಿಗೂ ಕೇಳುವ ಹಾಗೆ, "ನಮ್ಮ ಮೇಸ್ತ್ರಿಗೆ ಇದು ಹೋಟೆಲೋ ಅಡುಗೆಮನೆಯೋ ಗೊತ್ತಾಗಲ್ಲ, ಮಕ್ಕಳನ್ನೂ ಬೇಯಿಸಿಬಿಡ್ತಾರೆ" ಅಂದ. ಸೂಟ್‌ಕೇಸು ಹಿಡಿದು ನಿಂತವರು ನಕ್ಕರು. ಮೇಸ್ತ್ರಿ ಮಗುವಿನ ಮುಂದೆ ಬಗ್ಗಿ, ತಪ್ಪಾಯ್ತು ಪುಟ್ಟಾ, ಅಂದ. ಮಗು ಅವನನ್ನು ನೋಡಿ ಅಮ್ಮನ ಸೊಂಟಕ್ಕೆ ಮುಖ ಒತ್ತಿಕೊಂಡಿತು. ಕೆಳಗೆ ಹೋದವನೇ ಬಾಯ್ಲರಿನ ಗುಂಡಿಯನ್ನು ಅರವತ್ತರಿಂದ ನಲವತ್ತೈದಕ್ಕೆ ತಿರುಗಿಸಿದ. ಕರುಣೆಯೋ, ಅವಮಾನವೋ, ಎರಡೂ ಸೇರಿದ್ದೋ, ಆ ಗಳಿಗೆಯಲ್ಲಿ ಯಾರು ಕೇಳುತ್ತಾರೆ. ತಾತ್ಕಾಲಿಕ ಎಂದುಕೊಂಡಿದ್ದ. ಹಾಳೆಯಲ್ಲಿ ಅರವತ್ತೇ ಮುಂದುವರಿಯಿತು. ಆಮೇಲೆ ಯಾರೂ ದೂರಲಿಲ್ಲ, ಅಗಸಗಿತ್ತಿಯಂತೂ ಈಗ ಕೈ ಉರಿ ಇಲ್ಲ ಕಣಣ್ಣ ಎಂದು ಹರಸಿದಳು. ಮಳೆಗಾಲ ಮುಗಿಯುವತನಕ ನಾಲ್ಕನೇ ಮಹಡಿ ಮುಚ್ಚಿಯೇ ಇತ್ತು, ಕೊನೆಯ ಕೋಣೆ ನಾನೂರ ಹನ್ನೆರಡರ ಪೈಪಿನಲ್ಲಿ ನೀರು ಉಗುರುಬೆಚ್ಚಗೆ ನಿಂತೇ ಇತ್ತು. ಆ ಕೋಣೆಯ ಬಾಗಿಲನ್ನು ತೆರೆದು ಮೊದಲು ಇಳಿದುಕೊಂಡವರು ಗಡಿಯಾರದವರು.

ಗಡಿಯಾರ ರಿಪೇರಿ ಮಾಡಿ ನಿವೃತ್ತರಾದ ಮನುಷ್ಯ, ಅರವತ್ತೆಂಟು ವರ್ಷ, ಇದೇ ಊರಿನಲ್ಲಿದ್ದ ಅಕ್ಕನನ್ನು ನೋಡಲು ಬಂದವರು. ಎಂಟು ದಿನ ಇದ್ದರು. ಒಂಬತ್ತನೇ ದಿನ ಬೆಳಿಗ್ಗೆ ಎರಡೆರಡು ಕಂಬಳಿ ಹೊದ್ದು ನಡುಗುತ್ತಿದ್ದವರನ್ನು ಅಕ್ಕ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ. ಈ ಸುದ್ದಿಯನ್ನು ಮಾರನೇ ದಿನ ಕೋಣೆ ಗುಡಿಸುವವಳು ಟೀ ಹೊತ್ತಿನಲ್ಲಿ ಹೇಳಿದಾಗ ಮೇಸ್ತ್ರಿ ಲೋಟ ಕೆಳಗಿಟ್ಟ. ಜ್ವರ ಬಂದೋರೆಲ್ಲ ನನ್ನ ನೀರಿಂದ ಬಂದೋರಾ, ಎಂದು ಜೋರಾಗಿಯೇ ಅಂದುಬಿಟ್ಟ. ನೀರಿನ ಮಾತು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳು ವಿಚಿತ್ರವಾಗಿ ನೋಡಿ ಲೋಟ ತೊಳೆಯಲು ಎದ್ದಳು. ಅವನು ಕೆಳಗೆ ಇಳಿದು ಗುಂಡಿಯನ್ನು ಅರವತ್ತೈದಕ್ಕೆ ತಿರುಗಿಸಿದ. ಮಧ್ಯಾಹ್ನ ಮೂಗಿಗೆ ಟವೆಲು ಕಟ್ಟಿಕೊಂಡು, ನಾಲ್ಕು ಮಹಡಿಯ ಮೆಟ್ಟಿಲನ್ನೂ ಹತ್ತಿ, ಆ ಕೋಣೆಯ ಶವರನ್ನು ಒಂದು ಗಂಟೆ ಬಿಟ್ಟು, ಬಾಗಿಲ ಹೊರಗೆ ಕೂತ. ಈಗ ಸರಿಹೋಯಿತು ಎಂದು ಮನಸ್ಸಿಗೆ ಹೇಳಿಕೊಂಡ. ಮನಸ್ಸು ಒಪ್ಪಲಿಲ್ಲ. ಪೈಪಿನ ಮೂಲೆಯಲ್ಲಿ, ಶವರಿನ ತೂತುಗಳಲ್ಲಿ ಕೂತ ಲೋಳೆ ಒಂದು ದಿನದ ಬಿಸಿಗೆ ಹೋಗುವುದಿಲ್ಲ ಎಂದು ಆ ಹುಡುಗಿ ಹೇಳಿದ್ದು ನೆನಪಿತ್ತು.

ಇವತ್ತು ಹತ್ತು ಗಂಟೆಗೆ ನಗೆಮೊಗ ಮೇಲಕ್ಕೆ ಕರೆಸಿದ. ಕೋಣೆಯ ಮೂಲೆಯಲ್ಲಿ ಒಂದು ಕಂದು ಚೀಲವಿತ್ತು. "ನಾನೂರ ಹನ್ನೆರಡರ ಮುದುಕಪ್ಪನ ಸಾಮಾನು. ಸಂಜೆಗೆ ಆ ಕೋಣೆಗೆ ಬೇರೆ ಪಾರ್ಟಿ ಬರ್ತಿದೆ. ಹೋಗಿ ಕೊಟ್ಟು ಬನ್ನಿ ಮೇಸ್ತ್ರಿ. ಹೂವು ಹಣ್ಣು ಅಂತ ಏನಾದ್ರೂ ಕೊಡಿಸಿ."

"ನಾನಾ ಸಾರ್? ಕೌಂಟರಿನವರು ಯಾರಾದ್ರೂ ಹೋದ್ರೆ..."

"ನಿಮ್ಮ ಮುಖ ಇದೆಯಲ್ಲ, ಅದಕ್ಕೆ ಒಪ್ಪುತ್ತೆ. ನೋಡಿದೋರಿಗೆ ಅಯ್ಯೋ ಅನ್ನಿಸಬೇಕು. ಕೌಂಟರಿನವನು ಹೋದ್ರೆ ಮದುವೆಗೆ ಬಂದ ಹಾಗಿರುತ್ತೆ." ತನ್ನ ಮಾತಿಗೆ ತಾನೇ ಖುಷಿಪಟ್ಟು ನಗೆಮೊಗ ಫೋನು ಎತ್ತಿಕೊಂಡ. ಆಮೇಲೆ ಅದನ್ನು ಎದೆಗೆ ಒತ್ತಿ, "ಮೇಸ್ತ್ರಿ, ಎಲ್ಲ ಸರಿಯಾಗಿದೆ ತಾನೆ ಕೆಳಗಡೆ?" ಎಂದ. ಕಣ್ಣು ಮಾತ್ರ ನಗುತ್ತಿರಲಿಲ್ಲ.

"ಸರಿಯಾಗಿದೆ ಸಾರ್. ಹಾಳೆ ಇದೆಯಲ್ಲ."

"ಹಾಳೆ ಇದ್ರೆ ಸಾಕು" ಎಂದು ಅವನು ಮಾತು ಮುಂದುವರಿಸಿದ.

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಮೇಲಿನ ಜಿಪ್ಪು ಕೆಟ್ಟಿತ್ತು. ಬೇಡವೆಂದರೂ ಕಣ್ಣು ಒಳಗೆ ಹೋಯಿತು. ಮಡಚಿದ ಪೈಜಾಮ, ಹಲ್ಲುಜ್ಜುವ ಬ್ರಷ್ಷು, ಒಂದು ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿ, ಸಿಗರೇಟಿನ ಪೊಟ್ಟಣ ಅರ್ಧ ಖಾಲಿ. ಸಿಗರೇಟು ಬೇರೆ. ಒಂದು ಸಲ ಅವರನ್ನು ನೋಡಿದ್ದ. ಮೊಗಸಾಲೆಯ ದೊಡ್ಡ ಗಡಿಯಾರದ ಕೆಳಗೆ ನಿಂತು, ಇದು ಎರಡು ನಿಮಿಷ ಹಿಂದಿದೆ ಮೇಸ್ತ್ರಿ, ಸ್ಟೂಲು ಇದ್ರೆ ಕೊಡಿ, ಅಂದಿದ್ದರು. ಅತಿಥಿಗಳು ಸ್ಟೂಲು ಹತ್ತಬಾರದು ಸಾರ್ ಅಂದದ್ದಕ್ಕೆ, ಅತಿಥಿಗೆ ತಪ್ಪು ಟೈಮ್ ತೋರಿಸಬಹುದಾ ಎಂದು ನಕ್ಕಿದ್ದರು. ಅವನ ಅಂಗಿಯ ಬಣ್ಣ ನೋಡಿ ಕೆಲಸದವನೆಂದು ತಿಳಿದವರು ಬಹಳ. ಮೇಸ್ತ್ರಿ ಎಂದು ಕರೆದ ಅತಿಥಿ ಅವರೊಬ್ಬರೇ. ಎರಡು ಸ್ಟಾಪು ಮುಂದಕ್ಕೆ ಹೋಗಿ ಇಳಿದ, ತಿರುಗಿ ನಡೆಯಬೇಕಾಯಿತು.

ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ಸಂಬಂಧಿಕರಾ ಎಂದ. ಮೇಸ್ತ್ರಿ ಹೌದು ಎಂದ. ಏನಾಗಬೇಕು ಎಂದ. "ದೂರದ..." ಎಂದು ಮೇಸ್ತ್ರಿ ತಡವರಿಸಿದ. ಕಾವಲಿನವನು ಚೀಲದೊಳಗೆ ಕೈ ಹಾಕಿ ಸಿಗರೇಟಿನ ಪೊಟ್ಟಣ ಎತ್ತಿ, "ಇದನ್ನ ತಂದುಕೊಡ್ತಿದ್ದೀರಾ, ಶ್ವಾಸಕೋಶದ ವಾರ್ಡಿಗೆ? ಒಳ್ಳೇ ಸಂಬಂಧ" ಅಂದ. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಮೇಸ್ತ್ರಿ ತಲೆ ಬಗ್ಗಿಸಿಕೊಂಡು ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಿದ.

ಮೂರನೇ ಮಹಡಿಯ ಹಜಾರದಲ್ಲಿ ಗಾಜಿನ ಬಾಗಿಲಿನ ಎದುರಿಗೆ ಒಬ್ಬ ವಯಸ್ಸಾದ ಹೆಂಗಸು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಸಣ್ಣ ಮೈ, ಬಾಚಿ ಬಿಗಿದು ಕಟ್ಟಿದ ಬಿಳಿ ಕೂದಲು, ತೊಡೆಯ ಮೇಲೆ ಒಂದು ನೋಟ್‌ಬುಕ್ಕು. ಚೀಲ ನೋಡಿದ ಕೂಡಲೇ ಗುರುತು ಹಿಡಿದರು. "ಹೋಟೆಲಿನವರಾ? ನೋಡಪ್ಪ, ಇಷ್ಟು ದೂರ ಬಂದಿರಿ. ಬಿಸಾಕ್ತಾರೆ ಅಂದ್ಕೊಂಡಿದ್ದೆ ನಾನು. ಕೂತ್ಕೊಳ್ಳಿ, ಕೂತ್ಕೊಳ್ಳಿ." ಪಕ್ಕದ ಕುರ್ಚಿಯಿಂದ ತಮ್ಮ ಶಾಲನ್ನು ತೆಗೆದರು. ಗಾಜಿನಾಚೆ ಮೂರನೇ ಮಂಚದಲ್ಲಿ ಗಡಿಯಾರದವರು ಮಲಗಿದ್ದರು. ಮುಖದ ಮೇಲೆ ಉಸಿರಿನ ಮುಖವಾಡ, ಎದೆ ಏರಿಳಿಯುವುದು ಇಲ್ಲಿಂದಲೇ ಕಾಣುತ್ತಿತ್ತು. ಬೆರಳುಗಳು ಹೊದಿಕೆಯ ಮೇಲೆ ಏನನ್ನೋ ಸಣ್ಣದನ್ನು ಹುಡುಕುವ ಹಾಗೆ ಆಡುತ್ತಿದ್ದವು. "ಮೂರು ದಿನದಿಂದ ಹಾಗೇ" ಎಂದರು ಅಕ್ಕ. "ಸ್ಕ್ರೂ ಹುಡುಕ್ತಾನಂತೆ. ನಿನ್ನೆ ನನ್ನನ್ನ ನೋಡಿ, ಅಂಗಡಿ ಮುಚ್ಚೋ ಹೊತ್ತಾಯ್ತು ನಡಿ ಅಂದ. ಬೆಳಿಗ್ಗೆ ಎಂಟು ಗಂಟೆ. ಜೀವಮಾನ ಪೂರ್ತಿ ಊರಿಗೆ ಟೈಮ್ ಸರಿಮಾಡಿ ಕೊಟ್ಟೋನು." ಮನಸ್ಸು ಗಲಿಬಿಲಿ, ಎಂದು ಆ ಹುಡುಗಿ ಪರದೆಯ ಮೇಲೆ ಕೋಲಿನಿಂದ ತೋರಿಸಿದ್ದು ಮೇಸ್ತ್ರಿಯ ಕಣ್ಣಿಗೆ ಕಟ್ಟಿತು.

ಅಕ್ಕ ನೋಟ್‌ಬುಕ್ಕು ಬಿಚ್ಚಿ ತೋರಿಸಿದರು. ಗಂಟೆಗಂಟೆಗೂ ನರ್ಸನ್ನು ಕೇಳಿ ತಮ್ಮನ ಜ್ವರ ಬರೆದಿಟ್ಟಿದ್ದರು. ನೂರ ಮೂರು, ನೂರ ಮೂರು, ನೂರ ಮೂರು ಪಾಯಿಂಟ್ ಎರಡು, ನೂರ ನಾಲ್ಕು, ನೂರ ನಾಲ್ಕು. ಒಂದು ಕಡೆ ಪೆನ್ನು ಜಾರಿ ಗೀಟು ಎಳೆದಿತ್ತು, ಒಂದು ಕಡೆ ‘ನಿದ್ದೆ ಬಂತು, ಕೇಳಲಿಲ್ಲ’ ಎಂದು ಬರೆದಿತ್ತು. ಮೇಸ್ತ್ರಿ ಆ ಪುಟವನ್ನು ನೋಡುತ್ತಲೇ ಇದ್ದ. ನಿಜದ ಅಂಕಿ ಹೀಗಿರುತ್ತದೆ. ಅದಕ್ಕೆ ನಾಚಿಕೆಯಿಲ್ಲ, ಒಂದೇ ಅಂಕಿ ಮೂರು ಸಲ ಬರುತ್ತದೆ, ಬರೆಯದಿದ್ದಾಗ ಬರೆಯಲಿಲ್ಲ ಎನ್ನುತ್ತದೆ.

"ಎಲ್ಲಾ ನನ್ನಿಂದಾನೇ ಆಗಿದ್ದು" ಎಂದರು ಅಕ್ಕ, ಪುಸ್ತಕ ಮುಚ್ಚುತ್ತಾ. ಅಳುವ ದನಿಯಿರಲಿಲ್ಲ, ಯಾವಾಗಲೋ ತೀರ್ಮಾನ ಮಾಡಿಕೊಂಡ ಹಾಗಿತ್ತು. "ನಿಮಗೆ ಹೇಳೋದಕ್ಕೇನು. ನಮ್ಮ ಮನೇಲೇ ಇರ್ತೀನಿ ಅಂದ. ಮನೆ ಚಿಕ್ಕದು, ಸೊಸೆಗೆ ಕಷ್ಟ ಆಗುತ್ತೆ ಅಂತ ನಾನೇ ಹೋಟೆಲಿಗೆ ಕಳ್ಸಿದೆ. ದಿನಾ ಸಂಜೆ ನಾನು ಕರೀತೀನಿ ಅಂತ ಬರೋನು, ನಮ್ಮ ಟೆರೇಸಿನ ಮೇಲೆ ತಣ್ಣನೆ ಗಾಳೀಲಿ ಕೂರಿಸ್ಕೊಂಡು ಹಳೇ ಕತೆ ಹೊಡೀತಾ ಇದ್ದೆ. ಶಾಲು ಹೊದ್ಕೋ ಅನ್ನೋ ಬುದ್ಧಿ ಬರ್ಲಿಲ್ಲ ನಂಗೆ. ಎದೆಗೆ ಗಾಳಿ ಹೊಕ್ತು. ಅಕ್ಕ ಅನ್ನಿಸ್ಕೊಂಡು ಏನು ಮಾಡಿದ ಹಾಗಾಯ್ತು ನಾನು?"

"ಗಾಳಿಯಿಂದ ಅಲ್ಲಮ್ಮ" ಎಂದ ಮೇಸ್ತ್ರಿ.

"ಮತ್ತೆ ಇನ್ಯಾತರಿಂದ?"

ಮೇಸ್ತ್ರಿ ಚೀಲದ ಕೆಟ್ಟ ಜಿಪ್ಪನ್ನು ಎಳೆದ. "ಈ ಕಾಲದಲ್ಲಿ ಜ್ವರ ಎಲ್ಲಿಂದ ಬರುತ್ತೆ ಅಂತ ಹೇಳೋಕಾಗುತ್ತಾ" ಎಂದ. ತನ್ನ ದನಿಯನ್ನು ತಾನೇ ಕೇಳಿಸಿಕೊಂಡು ಹೇಸಿಕೆಯಾಯಿತು. ಅಕ್ಕ ಅವನ ಮೊಣಕೈ ತಟ್ಟಿದರು, ಸಮಾಧಾನ ಮಾಡಲು ಬಂದವನೆಂದು ತಿಳಿದು. "ನಿಮ್ಮ ಹೋಟೆಲಿನ ಮೇಲೆ ಅವನಿಗೆ ಒಂದು ದೂರೂ ಇರ್ಲಿಲ್ಲ. ಕೀಲುನೋವು ಅವನಿಗೆ, ದಿನಕ್ಕೆ ಎರಡು ಸಲ ಆ ಶವರಿನ ಕೆಳಗೆ ನಿಲ್ತಿದ್ದನಂತೆ, ಅರ್ಧ ಅರ್ಧ ಗಂಟೆ. ಅಕ್ಕಾ, ಸುಡೋದಿಲ್ಲ, ತಣ್ಣಗಿಲ್ಲ, ಎಂಥ ಹದವಾದ ಬಿಸಿ, ಯಾರೋ ಕೆಲಸ ಬಲ್ಲೋನು ಇಟ್ಟಿರೋದು ಅಂತಿದ್ದ. ಅದನ್ನ ನೋಡ್ಕೊಳ್ಳೋರು ಯಾರಪ್ಪ? ಅವರಿಗೆ ತಿಳಿಸಿಬಿಡಿ."

ಮೇಸ್ತ್ರಿ ಎದ್ದುನಿಂತ. ತಿಳಿಸ್ತೀನಿ ಎಂದ. ಚೀಲವನ್ನು ಅವರ ಕಾಲ ಹತ್ತಿರ ಇಟ್ಟು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದ. ಮಂಡಿ ನೋಯುತ್ತಿದೆಯೆಂದು ನೆಲಕ್ಕೆ ಬಂದ ಮೇಲೆ ಗೊತ್ತಾಯಿತು.

ಬಸ್ ಸ್ಟಾಪಿನಲ್ಲಿ ಒಂದು ಬಸ್ಸು ಬಂದು ಹೋಯಿತು, ಅವನ ನಂಬರಿನದೇ. ಎದುರಿಗೆ ಅಂಗಡಿಯವನು ರಬ್ಬರು ಪೈಪಿನಿಂದ ಕಲ್ಲುಹಾಸು ತೊಳೆಯುತ್ತಿದ್ದ, ಬಿಸಿಲಿಗೆ ಸಣ್ಣ ಹನಿಗಳು ಹಾರುತ್ತಿದ್ದವು. ಮೇಸ್ತ್ರಿ ಹಿಂದಕ್ಕೆ ಸರಿದು ಕಂಬಕ್ಕೆ ಆತುಕೊಂಡ. ಡಾಕ್ಟರು ಓದಿದವರು, ಅವರಿಗೆ ಹೊಳೆಯದೆ ಇರುತ್ತದೆಯೇ? ಹೊಳೆದಿದ್ದರೆ ಯಾರಾದರೂ ಹೋಟೆಲಿಗೆ ಬಂದು ಕೇಳಬೇಕಿತ್ತು. ನಾಲ್ಕು ದಿನವಾದರೂ ಬಂದಿಲ್ಲ. ಹಾಗಾದರೆ ಹೊಳೆದಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸವೊಂದೇ ಅಲ್ಲ, ಪೊಲೀಸು ಬರಬಹುದು, ಪತ್ರಿಕೆಯಲ್ಲಿ ಅವನ ಸಹಿಯಿರುವ ಹಾಳೆಯ ಚಿತ್ರ ಬರಬಹುದು, ಹೆಂಡತಿ ಅದನ್ನು ಅಂಗಡಿಯಲ್ಲಿ ನಿಂತು ಓದಬಹುದು. ಹೇಳದಿದ್ದರೆ? ಹೇಳದಿದ್ದರೆ ಏನೂ ಆಗುವುದಿಲ್ಲ. ಅದೇ ಅವನನ್ನು ಹೆದರಿಸಿದ್ದು. ಗಡಿಯಾರದವರು ಹೋಗಿಬಿಡುತ್ತಾರೆ, ವಯಸ್ಸಾಗಿತ್ತು ಎನ್ನುತ್ತಾರೆ ಜನ, ಸಿಗರೇಟು ಸೇದುತ್ತಿದ್ದರು ಎನ್ನುತ್ತಾರೆ. ಅಕ್ಕ ಇನ್ನು ಹತ್ತು ವರ್ಷವೋ ಹದಿನೈದು ವರ್ಷವೋ ಬದುಕಿ, ಒಂದು ಶಾಲು ಹೊದಿಸದೆ ತಮ್ಮನನ್ನು ಕೊಂದವಳು ತಾನೇ ಎಂದುಕೊಂಡು ಸಾಯುತ್ತಾರೆ. ತಾನು ಪ್ರತಿ ಸೋಮವಾರ ಕುರ್ಚಿಯಲ್ಲಿ ಕೂತು ಅರವತ್ತು ಬರೆಯುತ್ತೇನೆ. ಈ ಊರಿನಲ್ಲಿ ಆ ಕಾಯಿಲೆಯ ಗುಟ್ಟು ಗೊತ್ತಿರುವವನು ತಾನೊಬ್ಬನೇ, ಒಳ್ಳೇ ಪ್ರಶ್ನೆ ಕೇಳಿದ್ದವನು. ಎರಡನೇ ಬಸ್ಸು ಬಂತು. ಕಂಡಕ್ಟರು ಹತ್ತಿ ಹತ್ತಿ ಎಂದ. ಮೇಸ್ತ್ರಿ ಕಾಲೆತ್ತಿ ಮೆಟ್ಟಿಲ ಮೇಲಿಟ್ಟ, ತೆಗೆದ. "ಹತ್ತೋದಾದ್ರೆ ಹತ್ತಿ ಸ್ವಾಮಿ, ಇಲ್ಲಾ ದಾರಿ ಬಿಡಿ" ಎಂದು ಹಿಂದಿನವನು ತಳ್ಳಿದ. ಅವನು ದಾರಿ ಬಿಟ್ಟ.

ಡಾಕ್ಟರು ಚಿಕ್ಕ ವಯಸ್ಸಿನವಳು, ಕಣ್ಣಿನ ಕೆಳಗೆ ಕಪ್ಪು. ಗಾಜಿನ ಬಾಗಿಲಿನಿಂದ ಹೊರಗೆ ಬಂದು ಅಕ್ಕನಿಗೆ ಏನೋ ಹೇಳುತ್ತಿದ್ದಳು: "ಔಷಧಿ ಬದಲಾಯಿಸಿ ನೋಡಿದ್ವಿ ಅಜ್ಜಿ, ಹಿಡೀತಾ ಇಲ್ಲ. ಇವತ್ತು ರಾತ್ರಿ ನೋಡಿ, ಆಗದಿದ್ರೆ ಉಸಿರಾಟದ ಯಂತ್ರಕ್ಕೆ ಹಾಕ್ಬೇಕಾಗುತ್ತೆ." ಮೂರು ಮಹಡಿ ಮತ್ತೆ ಹತ್ತಿ ಬಂದ ಮೇಸ್ತ್ರಿ ಏದುಸಿರು ಬಿಡುತ್ತಾ ಅವರ ನಡುವೆಯೇ ನುಗ್ಗಿದ.

"ಮೇಡಂ, ಇವರಿಗೆ ನೀರಿಂದ ಬಂದಿದೆ."

"ಯಾರು ನೀವು?"

"ಹೋಟೆಲಿನ ಬಾಯ್ಲರು ನೋಡ್ಕೊಳ್ಳೋನು. ಒಂದು ಹುಳ ಇದೆ ಮೇಡಂ, ಬೆಚ್ಚಗಿನ ನೀರಲ್ಲಿ ಬೆಳೆಯುತ್ತೆ, ಶವರಿಂದ ಎದೆಗೆ ಹೋಗುತ್ತೆ. ಹೆಸರು..." ಹೆಸರು ಹೊರಡಲಿಲ್ಲ. ಹದಿನಾಲ್ಕು ವರ್ಷ ತಲೆಯ ಮೇಲೆ ನೇತುಹಾಕಿಕೊಂಡಿದ್ದ ಪತ್ರದಲ್ಲೇ ಇದ್ದ ಹೆಸರು. "ಲೀಜಿ... ಲೀಜಿಯೊ..."

"ಲೀಜಿಯೊನೆಲ್ಲಾ" ಎಂದಳು ಡಾಕ್ಟರು. ಅವಳ ಮುಖದ ಆಯಾಸ ಒಮ್ಮೆಗೇ ಹೋಗಿಬಿಟ್ಟಿತು. "ನೀರು ಎಷ್ಟು ಡಿಗ್ರಿ ಇತ್ತು?"

"ತೊಟ್ಟೀಲಿ ನಲವತ್ತೈದು. ಆ ಕೋಣೆಗೆ ಬರೋ ಹೊತ್ತಿಗೆ ಮೂವತ್ತೆಂಟೋ ಏನೋ."

"ಏನೋ ಅಂದ್ರೆ? ಅಳೆದಿಲ್ವಾ?"

"ಇಲ್ಲ ಮೇಡಂ. ಅಳೆದೆ ಅಂತ ಬರೆದಿದ್ದೀನಿ. ಅಳೆದಿಲ್ಲ. ಐದು ತಿಂಗಳು ಆ ನಲ್ಲೀನೂ ಬಿಟ್ಟಿಲ್ಲ, ನೀರು ನಿಂತೇ ಇತ್ತು. ಬಿಸಿ ಇಳಿಸಿದ್ದು ನಾನೇ."

"ಇವರು ಅಡ್ಮಿಟ್ ಆಗಿ ನಾಲ್ಕು ದಿನ ಆಯ್ತು. ನಿಮಗೆ ಯಾವಾಗ ಗೊತ್ತಾಯ್ತು?"

"ಮಾರನೇ ದಿನ."

ಅವಳು ಬಾಗಿಲು ತಳ್ಳಿ ಒಳಗೆ ಹೋಗಿ ನರ್ಸಿನ ಹತ್ತಿರ ಬೇಗಬೇಗ ಮಾತಾಡಿದಳು. ಮೂತ್ರ ಪರೀಕ್ಷೆಗೆ ಕಳಿಸಿ, ಫಲಿತಾಂಶಕ್ಕೆ ಕಾಯೋದು ಬೇಡ, ಈಗಲೇ ಬೇರೆ ಔಷಧಿ ಶುರುಮಾಡಿ ಎಂಬುದು ಹೊರಗೂ ಕೇಳಿಸಿತು. ನರ್ಸು ಓಡಿದಳು. ಡಾಕ್ಟರು ತಿರುಗಿ ಬಂದಾಗ ಮೇಸ್ತ್ರಿ, "ಉಳೀತಾರಾ ಮೇಡಂ?" ಎಂದ.

"ಮೂರು ದಿನ ಮುಂಚೆ ಕೇಳಿದ್ರೆ ಧೈರ್ಯವಾಗಿ ಹೇಳ್ತಿದ್ದೆ. ಆ ಕೋಣೇಲಿ ಈಗ ಯಾರಿದ್ದಾರೆ?"

ಸಂಜೆಯ ಪಾರ್ಟಿ. ಅವನ ಕೈ ಜೇಬಿಗೆ ಹೋಯಿತು. ನಗೆಮೊಗ ಎರಡನೇ ರಿಂಗಿಗೇ ಎತ್ತಿಕೊಂಡು, "ಏನ್ ಮೇಸ್ತ್ರಿ, ಮುದುಕಪ್ಪ ಹೇಗಿದ್ದಾರೆ?" ಎಂದ.

"ಸಾರ್, ನಾಲ್ಕನೇ ಮಹಡಿ ಮುಚ್ಚಿ. ಎಲ್ಲಾ ಮಹಡೀನೂ ಮುಚ್ಚಿ. ಯಾರನ್ನೂ ಶವರಿಗೆ ಬಿಡ್ಬೇಡಿ. ನೀರಲ್ಲಿ ರೋಗ ಇದೆ."

"ಮೆತ್ತಗೆ ಮಾತಾಡ್ರಿ. ಯಾರ ಹತ್ತಿರಾನಾದ್ರೂ ಹೇಳಿದ್ದೀರಾ ಇದನ್ನ?"

"ಡಾಕ್ಟರಿಗೆ ಹೇಳಿದೆ."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. "ಹಾಳೆ ಇದೆಯಲ್ರೀ ನಮ್ಮ ಹತ್ರ. ಅರವತ್ತು ಅಂತ ನಿಮ್ಮ ಕೈಬರಹದಲ್ಲೇ ಇದೆ. ಎಲ್ಲಾ ಸರಿ ಇತ್ತು ಅಂತ ನಾನು ಹೇಳಬಲ್ಲೆ. ನೀವು ಗಾಬರೀಲಿ ಏನೋ ಹೇಳಿದ್ರಿ ಅನ್ನೋಣ. ಯೋಚನೆ ಮಾಡಿ ಮೇಸ್ತ್ರಿ."

"ಆ ಹಾಳೆ ಸುಳ್ಳು ಸಾರ್. ಯಾರು ಕೇಳಿದ್ರೂ ಹಾಗೇ ಹೇಳ್ತೀನಿ" ಎಂದು ಮೇಸ್ತ್ರಿ ಫೋನು ಇಟ್ಟ. ಆರೋಗ್ಯ ಇಲಾಖೆಗೆ ನಾನೂ ತಿಳಿಸ್ತೀನಿ ಎಂದು ಡಾಕ್ಟರು ಒಳಗೆ ಹೋದಳು.

ಹಜಾರದಲ್ಲಿ ಉಳಿದವರು ಇಬ್ಬರೇ. ಅಕ್ಕ ಗೋಡೆಗೆ ಕೈ ಕೊಟ್ಟು ನಿಂತಿದ್ದರು; ಒಂದು ಮಾತೂ ಅವರ ಕಿವಿ ತಪ್ಪಿರಲಿಲ್ಲ. ಮೇಸ್ತ್ರಿ ಅವರತ್ತ ತಿರುಗಿದ. ಕೆನ್ನೆಗೆ ಹೊಡೆದರೆ ಹೊಡೆಸಿಕೊಳ್ಳುವುದು ಎಂದುಕೊಂಡ. ಹೊಡೆಯಲಿ ಎಂದೇ ಆಸೆಯಾಯಿತು, ಅಲ್ಲಿಗೆ ಏನೋ ಒಂದು ಮುಗಿದ ಹಾಗಾಗುತ್ತಿತ್ತು. ಅವರು ಹೊಡೆಯಲಿಲ್ಲ.

"ಹಾಗಾದ್ರೆ ಟೆರೇಸಿನ ಗಾಳಿಯಿಂದ ಅಲ್ವಾ?"

"ಅಲ್ಲಮ್ಮ. ನಿಮ್ಮಿಂದ ಏನೂ ಆಗಿಲ್ಲ. ನನ್ನಿಂದ."

ಅಷ್ಟು ಹೊತ್ತು ಗಟ್ಟಿಯಾಗಿದ್ದವರು ಈಗ ಕುರ್ಚಿಗೆ ಕುಸಿದು, ಸೆರಗು ಬಾಯಿಗೊತ್ತಿಕೊಂಡು ಅತ್ತರು. ಮೇಸ್ತ್ರಿಗೆ ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಅಷ್ಟು ಚಿಕ್ಕ ಮಾತನ್ನು ಇವರ ಮುಂದೆ ಹೇಗೆ ಇಡುವುದು. ಗಾಜಿನಾಚೆ ನರ್ಸು ಹೊಸ ಬಾಟಲಿಯನ್ನು ನೇತುಹಾಕುತ್ತಿದ್ದಳು. ಇನ್ನು ತಾನಿಲ್ಲಿ ಇರುವುದು ಅವರಿಗೆ ಹಿಂಸೆ ಎನಿಸಿ, ಸದ್ದಾಗದ ಹಾಗೆ ಮೆಟ್ಟಿಲ ಕಡೆ ನಾಲ್ಕು ಹೆಜ್ಜೆ ಹಾಕಿದ.

"ಎಲ್ಲಿಗೆ ಹೊರಟ್ರಿ?"

ಅವನು ನಿಂತ.

"ಕೂತ್ಕೊಳ್ಳಿ ಇಲ್ಲಿ" ಎಂದರು ಅಕ್ಕ. ಕಣ್ಣು ಒರೆಸಿಕೊಂ‍ಡಿದ್ದರು, ದನಿಯಲ್ಲಿ ಕರುಣೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಅವನು ಎದ್ದಮೇಲೆ ನಾನು ಹೇಳೋದಿಲ್ಲ. ನನ್ನ ಕೈಲಾಗೋದಿಲ್ಲ. ನೀವೇ ಹೇಳ್ಬೇಕು ಅವನಿಗೆ."

ಏಳದೆ ಹೋದರೆ ಎಂಬುದು ಇಬ್ಬರ ಬಾಯಲ್ಲೂ ಇತ್ತು, ಇಬ್ಬರೂ ಆಡಲಿಲ್ಲ. ಮೇಸ್ತ್ರಿ ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತ, ಗಾಜಿನ ಕಡೆ ಮುಖಮಾಡಿ, ಹೊಸ ಔಷಧಿಯ ಮೊದಲ ಹನಿ ನಳಿಕೆಗೆ ಇಳಿಯುವುದನ್ನು ನೋಡುತ್ತಾ.